ಒಂದು ಗಂಟೆಯ ವಿಳಾಸ

ಬಾವಿಕೇರಿಯವರಾದ ನಮ್ಮ ವಿಳಾಸದ ಅವಧಿಯನ್ನು ಎಂಟು ದಿನದಿಂದ ಒಂದು ಗಂಟೆಗೆ ಇಳಿಸಿದರು. ಮೇಲಿನ ಬೀದಿಯವರಿಗಿದ್ದ ಒಂದು ವರ್ಷ ಹಾಗೆಯೇ ಉಳಿಯಿತು. ಆದೇಶ ಬಂದದ್ದು ನಮ್ಮವ್ವ ತೀರಿಕೊಂಡ ಮೂರನೆಯ ದಿನ. ಅವಳ ವಿಳಾಸದಲ್ಲಿ ಇನ್ನೂ ಐದು ದಿನ ಉಳಿದಿತ್ತು, ಅದನ್ನೂ ತೆಗೆದುಕೊಂಡರು.

ನಮ್ಮೂರಿನಲ್ಲಿ ವಿಳಾಸ ಮನೆಗಲ್ಲ, ಮನುಷ್ಯರಿಗೆ. ಸರ್ವರ್ ಮನೆಯ ಕಿಟಕಿಯ ಮುಂದೆ ನಿಂತು ಕೇಳಿದರೆ ಒಳಗಿನ ಸರ್ವರ್ ಒಂದು ನಂಬರು ಕೊಡುತ್ತದೆ. ಅದು ಇರುವಷ್ಟು ದಿನ ನೀವು ಆಡಿದ ಮಾತು ಬೇರೆಯವರಿಗೆ ಮುಟ್ಟುತ್ತದೆ, ಬೇರೆಯವರದು ನಿಮಗೆ ಮುಟ್ಟುತ್ತದೆ. ಅವಧಿ ಮುಗಿದರೆ ಮುಗಿಯಿತು. ರಾಟೆಯ ಕಿರಗುಟ್ಟು ಕೇಳುತ್ತದೆ, ನಾಯಿ ಬೊಗಳುವುದು ಕೇಳುತ್ತದೆ, ಒಲೆಯ ಮೇಲೆ ಸಾರು ಕುದಿಯುವುದು ಕೇಳುತ್ತದೆ. ಮನುಷ್ಯರ ಮಾತೊಂದು ಕೇಳುವುದಿಲ್ಲ. ನೀವು ಆಡಿದ್ದು ಒಣ ಅವಲಕ್ಕಿಯ ಹಾಗೆ ನಿಮ್ಮ ನಾಲಿಗೆಯ ಮೇಲೇ ಉಳಿಯುತ್ತದೆ. ಅದಕ್ಕೇ ಅವಧಿ ಅರ್ಧ ಕಳೆಯುತ್ತಿದ್ದಂತೆ ಕಿಟಕಿಗೆ ಹೋಗಿ 'ಇದ್ದೀನಿ' ಅನ್ನಬೇಕು. ಒಳಗಿನಿಂದ 'ಇರು' ಅಂತ ಬರುತ್ತದೆ. ಅಲ್ಲಿಂದ ಮತ್ತೆ ಹೊಸ ಅವಧಿ. ಗಂಡನ ಪರವಾಗಿ ಹೆಂಡತಿ ಹೋಗುವಂತಿಲ್ಲ, ತಾಯಿಯ ಪರವಾಗಿ ಮಗಳು ಹೋಗುವಂತಿಲ್ಲ. ಅವರವರ ಬಾಯಿಂದಲೇ ಆಗಬೇಕು. ಮೇಲಿನ ಬೀದಿಯವರು ಮಾತ್ರ ಕಿಟಕಿಯನ್ನು ಕಂಡವರಲ್ಲ. ಕಿಟಕಿಯಲ್ಲಿ ಕೂರುವ ಪರಶಿವಣ್ಣನೇ ವರ್ಷದ ನಡುವೆ ಒಂದು ಸಲ ಉದ್ದನೆಯ ವೈರು ಎಳೆದುಕೊಂಡು ಅವರ ಜಗಲಿಗೆ ಹೋಗುತ್ತಾನೆ. ಅವರು ಕಾಫಿ ಲೋಟ ಕೆಳಗಿಡದೆಯೇ 'ಹೂಂ, ಇದ್ದೀವಿ' ಅನ್ನುತ್ತಾರೆ.

ನಮ್ಮ ಕೇರಿಯ ಪ್ರತಿ ಮನೆಯಲ್ಲೂ ಸತ್ತವರ ಮೂಲೆ ಅಂತ ಒಂದು ಜಾಗ ಇತ್ತು. ಸತ್ತವರ ವಿಳಾಸ ಅವರ ಜೊತೆಗೇ ಹೋಗುತ್ತಿರಲಿಲ್ಲ. ಕೊನೆಯ ಸಲ 'ಇದ್ದೀನಿ' ಅಂದ ದಿನದಿಂದ ಎಂಟು ದಿನ ತುಂಬುವವರೆಗೂ ಉಳಿಯುತ್ತಿತ್ತು. ಅಷ್ಟು ದಿನ ಮನೆಯವರು ಒಬ್ಬೊಬ್ಬರಾಗಿ ಆ ಮೂಲೆಯಲ್ಲಿ ಕೂತು ಮಾತಾಡುತ್ತಿದ್ದರು. ಸತ್ತವರು ಉತ್ತರ ಕೊಡುತ್ತಿರಲಿಲ್ಲ. ಆದರೆ ಮಾತು ಮುಟ್ಟುತ್ತಿತ್ತು; ಮುಟ್ಟಿದ್ದು ಆಡಿದ ನಾಲಿಗೆಗೆ ತಿಳಿಯುತ್ತದೆ. ಬದುಕಿದ್ದಾಗ ಆಡಲಾರದ್ದನ್ನೆಲ್ಲ ಆಗ ಆಡಿ ಹಗುರಾಗುತ್ತಿದ್ದರು, ಬೈಗುಳವನ್ನೂ ಸೇರಿಸಿ. ನಮ್ಮವ್ವ ಸಾಯುವ ದಿನ ಬೆಳಿಗ್ಗೆ ತಾನೇ ನಡೆದು ಕಿಟಕಿಗೆ ಹೋಗಿ ಬಂದಿದ್ದಳು, ಮಕ್ಕಳಿಗೆ ಪೂರಾ ಎಂಟು ದಿನ ಸಿಗಲಿ ಅಂತ. ಮೊದಲ ದಿನವನ್ನು ನಾನು ಬರೀ ಅಳುವುದರಲ್ಲಿ ಕಳೆದೆ. ಎರಡನೆಯ ದಿನ ನನ್ನ ತಮ್ಮ ಮರಿಜೋಗಿ ಕೂತ. ಮೂರನೆಯ ದಿನ ನಾನು ಹೇಳಬೇಕೆಂದಿದ್ದ ಒಂದು ಮಾತನ್ನು ಹೇಳಲು ಬಾಯಿ ತೆರೆದೆ. ಮಾತು ಒಣಗಿ ನಾಲಿಗೆಯ ಮೇಲೆ ಕೂತಿತು. ಹೊರಗೆ ಓಡಿಬಂದರೆ ಕೇರಿಯ ಎಲ್ಲ ಮನೆಯ ಬಾಗಿಲಲ್ಲೂ ಜನ ನಿಂತು ಮೇಲಿನ ಬೀದಿಯ ಕಡೆ ನೋಡುತ್ತಿದ್ದರು.

ವಿಳಾಸದ ಇಲಾಖೆಗೆ ದೊಡ್ಡವರು ಜಯಸಿಂಹರಾಯರು. ಅವರು ಸರ್ವರ್ ಮನೆಯ ಜಗಲಿಯ ಮೇಲೆ ನಿಂತು ನಮಗೆ ಬುದ್ಧಿ ಹೇಳಿದರು. ಗುಡ್ಡದ ಮೇಲೆ ಹೊಸ ವಸತಿಗೃಹಗಳು ಎದ್ದಿವೆ. ಗಾಳಿಗೆ, ನೋಟಕ್ಕೆ ಅಂತ ಹೊರಗಿನ ಜನ ಬರುತ್ತಿದ್ದಾರೆ. ಬಂದವರಿಗೆ ಕೊಡಲು ವಿಳಾಸ ಸಾಲುತ್ತಿಲ್ಲ. ಸರ್ವರಿನ ಹೊಟ್ಟೆಯಲ್ಲಿ ಇರುವುದು ಇಷ್ಟೇ ನಂಬರು. "ನಿಮ್ಮಲ್ಲಿ ಸತ್ತವರೂ ದಿನಗಟ್ಟಲೆ ವಿಳಾಸ ಹಿಡ್ಕೊಂಡು ಮಲಗಿರ್ತಾರೆ. ಬದುಕಿರೋರಾದರೂ ಏನು? ಬಾವಿಯೊಳಗೆ ಇಳಿದರೆ ಸಂಜೆವರೆಗೂ ಯಾರ ಹತ್ತಿರ ಮಾತಾಡಬೇಕು ನೀವು? ಸುಮ್ಮನೆ ಇಟ್ಟುಕೊಂಡಿರೋದನ್ನ ಬೇಕಾದವರಿಗೆ ಕೊಟ್ಟರೆ ತಪ್ಪೇನು? ನಾನೇನು ಕಿತ್ಕೊಳ್ತಾ ಇಲ್ಲ. ಗಂಟೆಗೊಂದು ಸಲ ಬಂದು ಇದ್ದೀನಿ ಅನ್ನಿ, ಇರು ಅಂತೀವಿ. ಇಲ್ಲ ಅಂದಿದ್ದೀವಾ?"

ನಮ್ಮ ಕೇರಿಯ ದ್ಯಾವಜ್ಜಿಗೆ ಬಾಯಲ್ಲಿ ಹಲ್ಲಿಲ್ಲದಿದ್ದರೂ ಮಾತಿನಲ್ಲಿ ಇದೆ. "ಹಂಗಾದ್ರೆ ಬುದ್ಧೀ, ನಾನು ಕಕ್ಕಸಿಗೋದಾಗ ಅವಧಿ ಮುಗುದ್ರೆ, ಎದ್ದು ಓಡಿ ಬರಬೇಕೋ, ಮುಗ್ಸೇ ಬರಬೇಕೋ? ಅದೊಂದು ಬರ್ಸಿ ಆದೇಶದಾಗೆ," ಅಂದಳು. ಕೇರಿ ನಕ್ಕಿತು. ರಾಯರು ಒಳಗೆ ಹೋದರು. ಆದೇಶ ಗೋಡೆಯ ಮೇಲೆಯೇ ಉಳಿಯಿತು.

ನಗು ಎಷ್ಟು ದಿನ? ಒಂದು ಗಂಟೆ ಎಂದರೆ ಅರ್ಧ ಗಂಟೆಗೆ ಹೊರಡಬೇಕು. ಕೇರಿಯಿಂದ ಸರ್ವರ್ ಮನೆಗೆ ಏರು ದಾರಿ. ಅಲ್ಲಿ ಹೋದರೆ ಇಡೀ ಕೇರಿಯೇ ಸಾಲಿನಲ್ಲಿ ನಿಂತಿರುತ್ತಿತ್ತು. ಕಿಟಕಿ ಮಾತ್ರ ಒಂದೇ. 'ಇರು' ಅನ್ನಿಸಿಕೊಂಡು ಮನೆಗೆ ಬಂದು ಮುದ್ದೆಗೆ ಎಸರಿಟ್ಟರೆ, ಎಸರು ಕುದಿಯುವ ಮೊದಲೇ ಮತ್ತೆ ಏರಬೇಕು. ಸಂಜೆ ನಮ್ಮ ತಗಡಿನ ಚಪ್ಪರದಲ್ಲಿ ಓದುವ ಗುಂಪು ಸೇರುತ್ತಿತ್ತು. ನನ್ನ ತಮ್ಮ ಜೋಗಿಯ ಹೆಂಡತಿ ಹೊನ್ನಿ ಗಟ್ಟಿಯಾಗಿ ಓದುವಳು, ಉಳಿದವರು ಕೇಳುವರು, ಆಮೇಲೆ ಜಗಳ. ಈಗ ಹೊನ್ನಿ ಓದುತ್ತಿದ್ದಂತೆಯೇ ಒಬ್ಬೊಬ್ಬರೇ ಎದ್ದು ಹೋಗುವರು. ಒಂದು ಸಲ ಹೊನ್ನಿಯದೇ ಅವಧಿ ಮುಗಿದು, ಓದುತ್ತಿದ್ದ ಸಾಲಿನ ನಡುವೆ ದನಿ ಕಡಿಯಿತು. ತುಟಿ ಅಲ್ಲಾಡುತ್ತಿತ್ತು, ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು. ಅವಳು ಪುಸ್ತಕ ಮುಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ದಾರಿ ಹಿಡಿದಳು.

ಬಾಯಿಗೆ ಬಟ್ಟೆ ಒತ್ತಿಕೊಳ್ಳುವುದು ನಮ್ಮೂರಿನ ಹಳೆಯ ಪದ್ಧತಿ. ವಿಳಾಸ ಇಲ್ಲದವರು ಮಾತಾಡಬಾರದು, ಅದು ಬೆತ್ತಲೆ ನಿಂತ ಹಾಗೆ. ಅವಧಿ ಮೀರಿದವರು ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ ನೆಟ್ಟಗೆ ಕಿಟಕಿಗೆ ನಡೆಯಬೇಕು. ಹೀಗೆಂದು ಯಾರು ಹೇಳಿದರೋ ಗೊತ್ತಿಲ್ಲ. ನಮ್ಮಜ್ಜಿ ಹಾಗೆ ನಡೆದಳು, ನಮ್ಮವ್ವ ಹಾಗೆ ನಡೆದಳು. ಬಾಯಿ ಬಿಟ್ಟು ನೋಡೋಣ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಕೆಲಸ ಬಾವಿಯ ಹೂಳೆತ್ತುವುದು. ಊರಿನ ಅಷ್ಟೂ ಬಾವಿಗಳ ತಳ ಕಂಡವರು ನಾವೇ. ಒಬ್ಬರು ಇಳಿಯುತ್ತಾರೆ, ಇಬ್ಬರು ಮೂವರು ಹಗ್ಗ ಹಿಡಿಯುತ್ತಾರೆ, ಒಬ್ಬರು ಕಟ್ಟೆಯ ಮೇಲೆ ಕೂತು ಕೂಗುತ್ತಾರೆ. ಕೂಗು ಅಂದರೆ ದೊಡ್ಡದೇನಲ್ಲ, ಇಳಿದವರ ಹೆಸರು ಅಷ್ಟೆ. ಕೆಳಗಿನಿಂದ 'ಓ' ಅಂತ ಬರಬೇಕು. ತಳದಲ್ಲಿ ಕೆಟ್ಟ ಗಾಳಿ ಇರುತ್ತದೆ, ಗೋಡೆಯ ಕಲ್ಲು ಜಾರುತ್ತದೆ, ಊಟೆ ಒಮ್ಮೆಗೇ ಒಡೆದು ನೀರು ಏರುತ್ತದೆ. 'ಓ' ಬರಲಿಲ್ಲವೋ, ಕೂಗುವವಳು ಕೈ ಎತ್ತುತ್ತಾಳೆ, ಒಬ್ಬ ಇಳಿಯುತ್ತಾನೆ, ಉಳಿದವರು ಎಳೆಯುತ್ತಾರೆ. ನಮ್ಮವ್ವ ಆಯುಷ್ಯವೆಲ್ಲ ಕೂಗಿದವಳು. ಅವಳು ಕೂತ ಕಟ್ಟೆಯ ಬಾವಿಯಿಂದ ಹೆಣ ಮೇಲೆ ಬಂದದ್ದಿಲ್ಲ. ಅವಳ ಮೂಲೆಯಲ್ಲಿ ನಾನು ಹೇಳಬೇಕೆಂದಿದ್ದ ಮಾತು ಇದೇ: ಇನ್ಮೇಲೆ ನಾನ್ ಕೂಗ್ತೀನಿ ಕಣವ್ವ, ನೀನು ಸುಮ್ಕೆ ಮಲಗು.

ಗಂಟೆಯ ಆದೇಶ ಬಂದ ಮೇಲೆ ಈ ಕೂಗು ಕೆಟ್ಟಿತು. ಮೊದಲು ಕೆಳಗಿನಿಂದ ಮಾತು ಬರಲಿಲ್ಲ ಎಂದರೆ ಆಪತ್ತು ಅಂತ ಗೊತ್ತಿತ್ತು. ಈಗ ಮಾತು ಬರಲಿಲ್ಲ ಎಂದರೆ ಅವಧಿ ಮುಗಿದಿರಬೇಕು ಅಂದುಕೊಳ್ಳುವ ಹಾಗಾಯಿತು. ಗಂಟೆಗೊಂದು ಸಲ ಮನುಷ್ಯನನ್ನು ಮೇಲೆಳೆದು ಕಿಟಕಿಗೆ ಕಳಿಸಿದರೆ ಹೂಳು ತೆಗೆಯುವುದು ಯಾವಾಗ? ಇಳಿದವರು ಅವಧಿ ಮೀರಿದರೂ ಮೇಲೆ ಬರದೆ ಕೆಲಸ ಮುಂದುವರಿಸಿದರು. ಕಟ್ಟೆಯ ಮೇಲೆ ನಾವು ಮೌನವನ್ನು ನೋಡುತ್ತಾ ಕೂತೆವು. ಅದು ಯಾವ ಮೌನ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

ಅಂಥ ದಿನಗಳಲ್ಲೇ ಸರ್ವರ್ ಮನೆಯ ಹಿತ್ತಿಲಿನ ಬಾವಿಗೆ ನಮ್ಮನ್ನು ಕರೆದರು. ಸರ್ವರ್ ಬಿಸಿಯಾಗುವ ಯಂತ್ರ. ಅದರ ಸುತ್ತ ಸುತ್ತಿದ ಕೊಳವೆಯಲ್ಲಿ ಹಗಲೂ ರಾತ್ರಿ ತಣ್ಣೀರು ಹರಿಯಬೇಕು. ಆ ನೀರು ಆ ಬಾವಿಯದು. ಜನ ಅರ್ಧ ಗಂಟೆಗೊಂದು ಸಲ ಬಂದು ಕೇಳತೊಡಗಿದ ಮೇಲೆ ಸರ್ವರಿಗೆ ಪುರುಸೊತ್ತಿಲ್ಲದೆ ಕಾವು ಹೆಚ್ಚಿತ್ತು, ನೀರು ಹೆಚ್ಚು ಬೇಕಾಗಿತ್ತು, ಬಾವಿಯ ತಳದ ಕೆಸರು ಕೊಳವೆಗೆ ಬರತೊಡಗಿತ್ತು. ಜೋಗಿ ಇಳಿದ. ಹೊನ್ನಿ ಮತ್ತು ಅವಳ ಅಣ್ಣಂದಿರಿಬ್ಬರು ಹಗ್ಗಕ್ಕೆ ನಿಂತರು. ನಾನು ಕಟ್ಟೆಯ ಮೇಲೆ ಕೂತೆ.

"ಜೋಗೀ."

"ಓ."

"ಜೋಗೀ."

"ಓ. ಎಷ್ಟ್ ಸಲ ಕರೀತೀಯ, ಹೆಣ್ಣು ನೋಡಾಕ್ ಬಂದೋರಂಗೆ!"

ಹೂಳಿನ ಬಕೆಟ್ಟುಗಳು ಏರಿದವು, ಇಳಿದವು. ಒಂದು ಸಲ ಕರೆದಾಗ 'ಓ' ಬರಲಿಲ್ಲ. ಹೊನ್ನಿ ನನ್ನ ಮುಖ ನೋಡಿದಳು. "ಅವಧಿ ಮುಗೀತೇನೋ ಅತ್ತಿಗೆ," ಅಂದಳು. "ಹೂಂ, ಇರಬೇಕು," ಅಂದೆ. ಬಕೆಟ್ಟು ಮೇಲೆ ಬಂತು. ಖಾಲಿ. ಸುಸ್ತಾಗಿ ಕೂತಿರಬಹುದು ಅಂದುಕೊಂಡೆವು. ಹೊನ್ನಿಯ ಅವಧಿಯೂ ಅವಳ ಅಣ್ಣಂದಿರ ಅವಧಿಯೂ ಮುಗಿಯುತ್ತಾ ಬಂದಿತ್ತು. ಹಗ್ಗವನ್ನು ಕಲ್ಲುಕಂಬಕ್ಕೆ ಬಿಗಿದು ಅವರು ಮುಂಬಾಗಿಲಿನ ಸಾಲಿಗೆ ಹೋದರು. ಬಕೆಟ್ಟನ್ನು ನಾನೇ ಮತ್ತೆ ಇಳಿಸಿದೆ. ಮತ್ತೆ ಖಾಲಿ ಬಂತು.

ಬಗ್ಗಿ ನೋಡಿದರೆ ಕತ್ತಲೆ. ಕತ್ತಲೆಯಲ್ಲಿ ನೀರು ಮಿನುಗಿದ ಹಾಗೆ ಕಂಡಿತು. ನೀರು ಅಷ್ಟು ಮೇಲೆ ಇರಬಾರದಿತ್ತು.

ಜಯಸಿಂಹರಾಯರು ಹಿಂದಿನ ಜಗಲಿಗೆ ಬಂದು ನಿಂತಿದ್ದರು. "ಏನಮ್ಮ, ನಿನ್ನದೂ ಮುಗೀತಾ ಬಂದಿದೆ. ಪರಶಿವ ಹೇಳಿದ. ಹೋಗಿ ಸಾಲಲ್ಲಿ ನಿಂತ್ಕೋ."

"ತಮ್ಮ ಒಳಗವನೆ ಬುದ್ಧಿ. ಓ ಅಂತಿಲ್ಲ."

"ಅವಧಿ ಮುಗಿದಿರುತ್ತೆ."

"ಮುಗುದಿದ್ರೆ ಸರಿ. ಮುಗೀದೆ ಇದ್ರೆ?"

"ವಾದ ಮಾಡಬೇಡ. ವಿಳಾಸ ಇಲ್ಲದವರು ಈ ಹಿತ್ತಿಲಲ್ಲಿ ಕೂರೋ ಹಾಗಿಲ್ಲ. ಏಳು. ಎದ್ದು ಬಾಯಿಗೆ ಸೆರಗು ಹಾಕ್ಕೊಂಡು ಹೋಗಿ ಕಿಟಕಿ ಹತ್ರ..."

ಅಲ್ಲಿಗೆ ಅವರ ಮಾತು ಕಡಿಯಿತು. ತುಟಿ ಅಲ್ಲಾಡುತ್ತಲೇ ಇತ್ತು, ಬೆರಳು ಮುಂಬಾಗಿಲನ್ನು ತೋರಿಸುತ್ತಿತ್ತು. ನನ್ನ ಅವಧಿ ಮುಗಿದಿತ್ತು. ಮುಂಬಾಗಿಲಿನ ಸಾಲಿನ ಗದ್ದಲ, ಪರಶಿವಣ್ಣನ ಗದರಿಕೆ, ಗುಡ್ಡದ ಮೇಲಿನ ಅತಿಥಿಗಳ ಹರಟೆ, ಎಲ್ಲ ಒಂದೇ ಸಲಕ್ಕೆ ಆರಿಹೋಯಿತು. ಉಳಿದದ್ದು ಹಗ್ಗದ ಕಿರಗುಟ್ಟು. ನನ್ನ ಕೈ ಅಭ್ಯಾಸದಿಂದ ಸೆರಗಿಗೆ ಹೋಯಿತು.

ಆಗ ಕೇಳಿಸಿತು. ಬಾವಿಯ ತಳದಿಂದ, ಒಡೆದ ದನಿಯಲ್ಲಿ: "ಅಕ್ಕಯ್ಯಾ! ಅಕ್ಕಯ್ಯಾ! ಯಾರಾದ್ರೂ ಇದ್ದೀರಾ ಮೇಲೆ?"

ಸೆರಗು ಬಿಟ್ಟೆ. "ಜೋಗೀ!" ಅಂದೆ. ನಾಲಿಗೆ ಒಣಗಲಿಲ್ಲ. ಮಾತು ಕೆಳಗೆ ಹೋಗಿ ಮುಟ್ಟಿದ್ದು ನನಗೆ ಗೊತ್ತಾಯಿತು.

"ಕಲ್ಲು ಜಾರಿ ಕಾಲ್ಮೇಲೆ ಕೂತೈತೆ ಅಕ್ಕಯ್ಯ! ಊಟೆ ಒಡೀತು. ನೀರು ಎದೆಗ್ ಬಂತು. ಬಕೆಟ್ಟು ಕೈಗೆ ಸಿಗಾಕಿಲ್ಲ!"

"ಉಸ್ರು ಹಿಡ್ಕೋ ಕಣ್ಲಾ, ಬಂದೆ!"

ಮುಂಬಾಗಿಲಿಗೆ ಓಡಿ ಸಾಲಿನಿಂದ ಹೊನ್ನಿಯ ರಟ್ಟೆ ಹಿಡಿದು ಎಳೆದೆ. ನನ್ನ ಬಾಯಿ ಅಲ್ಲಾಡುವುದು ಮಾತ್ರ ಅವಳಿಗೆ ಕಂಡಿತು. ಇವಳಿಗೇನು ನಾಚಿಕೆಯಿಲ್ಲವೇ ಅನ್ನುವ ಹಾಗೆ ನೋಡಿದಳು. ಆದರೆ ನನ್ನ ಕಣ್ಣು ನೋಡಿದ ಮೇಲೆ ನನ್ನ ಹಿಂದೆಯೇ ಓಡಿದಳು. ಅಣ್ಣಂದಿರೂ ಸಾಲು ಬಿಟ್ಟು ಓಡಿಬಂದರು. ಹಗ್ಗಕ್ಕೆ ಹಾರೆ ಕಟ್ಟಿ ಬಿಟ್ಟೆವು. ಅವನು ಕೆಳಗಿನಿಂದ ಹೇಳಿದ, ನಾನು ಮೇಲೆ ಕೈಸನ್ನೆ ಮಾಡಿದೆ. "ಎಡಕ್ಕೆ... ಇನ್ನೂ ಎಡಕ್ಕೆ ಅಕ್ಕಯ್ಯ... ಗೋಡೆ ಒತ್ತಿಗೆ ಬಿಡಿ... ಒಂದ್ ಗೇಣು... ಸಿಕ್ತು." ಹಾರೆ ಕಲ್ಲಿಗೆ ತಾಗಿದ ಸದ್ದು ಕೇಳಿತು. ಆಮೇಲೆ ಅವನು ಕಿರುಚಿದ್ದು ಕೇಳಿತು, ಆ ಕಿರುಚು ನನ್ನೊಬ್ಬಳಿಗೆ. ಕಲ್ಲು ಸರಿದು, ಹಗ್ಗ ಹಿಡಿದೆ ಅಂತ ಅವನು ಕೂಗಿದಾಗ ನಾನು ಕೈ ಎತ್ತಿದೆ. ಮೂವರೂ ಎಳೆದರು.

ಅವನ ಬಲಗಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ನೋಡುತ್ತಿತ್ತು. ಕಟ್ಟೆಯ ಮೇಲೆ ಮಲಗಿ, ಬಾಯಿಯ ಕೆಸರು ಉಗುಳಿ, "ಆಗ್ಲಿಂದ ಒಂದೇ ಸಮ ಕೂಗ್ದೆ ಕಣಕ್ಕಯ್ಯ. ನೀನ್ ಕರಿಯೋದು ನಿಂತೋಗಿತ್ತು. ಎಲ್ರೂ ಬುಟ್ಟೋದ್ರು ಅಂದ್ಕಂಡೆ. ಈಗ ಕೇಳ್ದೋಳ್ಗೆ ಆಗ ಯಾಕ್ ಕೇಳ್ನಿಲ್ಲ?" ಅಂದ.

ನಾನು ನಿಲ್ಲಿಸದೆ ಕರೆದಿದ್ದೆ. ಅವನಿಗೆ ಮುಟ್ಟಿರಲಿಲ್ಲ, ಅಷ್ಟೆ. ಯಾಕೆ ಅಂತ ಅವನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ನನಗೆ ಹೊಳೆಯಿತು.

"ಆಗ ನಂಗೆ ವಿಳಾಸ ಇತ್ತು ಕಣ್ಲಾ," ಅಂದೆ.

ಪರಶಿವಣ್ಣ ಕಿಟಕಿಯಿಂದ ಕೈ ಹೊರಹಾಕಿ ನಮ್ಮಿಬ್ಬರನ್ನೂ ಕರೆಯುತ್ತಿದ್ದ. ಅವನು ಕೆಟ್ಟವನಲ್ಲ, ಸಾಲು ತಪ್ಪಿಸಿ ಮೊದಲು ನಮ್ಮ 'ಇದ್ದೀನಿ' ತೆಗೆದುಕೊಳ್ಳಲು ಸಿದ್ಧನಿದ್ದ. ನಾವು ಆ ಕಡೆ ತಿರುಗದೆ ಜೋಗಿಯನ್ನು ಬಾಗಿಲ ಹಲಗೆಯೊಂದರ ಮೇಲೆ ಮಲಗಿಸಿ ಕೇರಿಗೆ ಇಳಿದೆವು. ಬಾಯಿಗೆ ಬಟ್ಟೆ ಇರಲಿಲ್ಲ. ದಾರಿಯುದ್ದಕ್ಕೂ ಅವನು ನರಳಿದ, ಬೈದ, ನಾನು ಸಮಾಧಾನ ಹೇಳಿದೆ. ನೋಡಿದವರಿಗೆ ಹುಚ್ಚರ ಹಾಗೆ ಕಂಡಿರಬೇಕು.

ಹೊನ್ನಿ ಗಂಡನ ಪಕ್ಕ ಚಾಪೆಯ ಮೇಲೆ ಕೂತಳು. ಅವನ ತುಟಿ ಅಲ್ಲಾಡುತ್ತಿತ್ತು, ಅವಳಿಗೆ ಏನೂ ಕೇಳದು. ನಾನು ಸನ್ನೆಯಲ್ಲಿ ಹೇಳಿದೆ: ಕಾದಿರು, ಸುಮ್ಮನೆ ಕಾದಿರು, ಕಿಟಕಿಗೆ ಹೋಗಬೇಡ. ಹುಟ್ಟಿದಾಗಿನಿಂದ ಓಡಿದ್ದ ಹೆಣ್ಣು ಓಡದೆ ಕೂರುವುದು ಸುಲಭವಾಗಿರಲಿಲ್ಲ. ಎರಡು ಸಲ ಎದ್ದಳು, ಎರಡು ಸಲವೂ ಕೂತಳು. ಆಮೇಲೆ ಒಂದು ಗಳಿಗೆಯಲ್ಲಿ ಅವಳ ಮುಖ ಬದಲಾಯಿತು. ಜೋಗಿ ಆಗ, "ಒಂದ್ ಲೋಟ ನೀರು ಕೊಡೆ ಅಂತ ಆಗ್ಲಿಂದ ಬಡ್ಕತಾ ಇವ್ನಿ, ನನ್ ಮುಖಾನೇ ನೋಡ್ತಾವ್ಳೆ ಗೂಬೆ ನೋಡ್ದಂಗೆ," ಅನ್ನುತ್ತಿದ್ದ. ಹೊನ್ನಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ನೀರು ತಂದು ಅವನ ಬಾಯಿಗೆ ಹಿಡಿದು, "ಗೂಬೆ ನಿಮ್ಮತ್ತೆ," ಅಂದಳು. ಅವನ ಅತ್ತೆ ತನ್ನ ಅವ್ವನೇ ಅಂತ ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಈ ಗುಟ್ಟು ಮನೆಯಿಂದ ಮನೆಗೆ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರನೆಯ ದಿನ ಕಿಟಕಿಯ ಮುಂದೆ ಸಾಲೇ ಇರಲಿಲ್ಲ. ಕೊನೆಗೆ ಉಳಿದವಳು ದ್ಯಾವಜ್ಜಿ. ನಗಿಸುವ ಮುದುಕಿಗೆ ಹೆದರಿಕೆ ಹತ್ತಿತ್ತು. ಹುಟ್ಟಿದಾಗಿನಿಂದ ಇದ್ದೀನಿ ಇದ್ದೀನಿ ಅಂದವಳು, ಒಂದು ಸಲ ಅನ್ನದಿದ್ದರೆ ಇಲ್ಲದೇ ಹೋಗಿಬಿಡುತ್ತೇನೇನೋ ಅಂತ. ಹೊಸ್ತಿಲ ಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಕೂತಳು. ನಾವೆಲ್ಲ ಸುತ್ತ ಕೂತೆವು. ಅವಧಿ ಕಳೆದು ಅವಳು ಕಣ್ಣು ಬಿಟ್ಟಾಗ ಅವಳ ಕಿವಿಗೆ ಮೊದಲು ಬಿದ್ದದ್ದು ಹೊನ್ನಿಯ ಅಣ್ಣನ ಮಾತು: "ಸತ್ಲಾ ಬದುಕವಳಾ ನೋಡ್ರೋ." ದ್ಯಾವಜ್ಜಿ ಕೋಲು ತೆಗೆದುಕೊಂಡು ಅವನ ಹಿಂದೆ ಹೋದಳು.

ಮೊದಲು ಕಷ್ಟವಾಯಿತು. ನಂಬರು ಇಲ್ಲದ ಮೇಲೆ ಒಬ್ಬರಿಗೆಂದು ಆಡಿದ ಮಾತು ಎಲ್ಲರ ಕಿವಿಗೂ ಬೀಳುತ್ತಿತ್ತು. ಗಂಡ ಹೆಂಡಿರ ಪಿಸುಮಾತು ಕೇರಿಗೆಲ್ಲ ಕೇಳಿ ಎರಡು ದಿನ ಯಾರೂ ಯಾರ ಮುಖವನ್ನೂ ನೇರ ನೋಡಲಿಲ್ಲ. ಆಮೇಲೆ ನಾವೇ ದಾರಿ ಕಂಡುಕೊಂಡೆವು. ಬೇಕಾದ ವಿಳಾಸವನ್ನು ಅವರವರೇ ಆರಿಸಿಕೊಳ್ಳುವುದು. ಚಪ್ಪರದ ಕೆಳಗೆ ನಿಂತು ಮೂರು ಸಲ ಕೂಗುವುದು, ಇದು ಯಾರದಾದರೂ ಇದೆಯಾ ಅಂತ. ಯಾರೂ ನಂದು ಅನ್ನದಿದ್ದರೆ ಅದು ನಿಮ್ಮದು. ಯಾರಾದರೂ ನಂದು ಅಂದರೆ ಬೇರೆಯದು ಹುಡುಕಿಕೊಳ್ಳುವುದು. ನಂಬರು ಯಾರಿಗೂ ಬೇಡವಾಯಿತು. ದ್ಯಾವಜ್ಜಿ 'ಒಲೆ ಪಕ್ಕ' ತೆಗೆದುಕೊಂಡಳು. ಜೋಗಿ 'ತಳ' ಅಂದ. ಹೊನ್ನಿಗೆ 'ಹುಣಸೆ ನೆರಳು' ಬೇಕಿತ್ತು, ಅವಳಿಗಿಂತ ಮೊದಲು ಅವಳ ಅಣ್ಣ ಹಿಡಿದಿದ್ದ. ಅರ್ಧ ದಿನ ಜಗಳವಾಡಿ ಕಿತ್ತುಕೊಂಡಳು. ನಾನು 'ಬಾವಿಕಟ್ಟೆ' ಅಂತ ಮೂರು ಸಲ ಕೂಗಿದೆ. ಯಾರೂ ಉತ್ತರಿಸಲಿಲ್ಲ. ಯಾವುದಕ್ಕೂ ಅವಧಿ ಇಟ್ಟುಕೊಳ್ಳಲಿಲ್ಲ. ಎಷ್ಟು ದಿನಕ್ಕೆ ಅಂತ ಒಬ್ಬರು ಕೇಳಿದರು. ಯಾರು ಯಾರಿಗೆ ಎಣಿಸಿ ಹೇಳಬೇಕು ಅಂತ ಇನ್ನೊಬ್ಬರು ಕೇಳಿದರು. ಅಲ್ಲಿಗೆ ಆ ಮಾತು ನಿಂತಿತು.

ಆ ಸಂಜೆ ನಾನು ಅವ್ವನ ಮೂಲೆಯಲ್ಲಿ ಕೂತೆ. ಕಿಟಕಿ ಕೊಟ್ಟ ವಿಳಾಸ ಅವಳಿಗೂ ಇಲ್ಲ, ನನಗೂ ಇಲ್ಲ. "ಇನ್ಮೇಲೆ ನಾನ್ ಕೂಗ್ತೀನಿ ಕಣವ್ವ," ಅಂದೆ. ನಾಲಿಗೆ ಒಣಗಲಿಲ್ಲ.

ಮೇಲಿನ ಬೀದಿಯವರು ಮೊದಲು ನಮ್ಮನ್ನು ಕರೆದು ಕರೆದು ಸಾಕಾದರು. ಬೀದಿಯ ತುದಿಗೆ ಬಂದು ಕೈ ಬೀಸಿದರು, ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು. ತಟ್ಟೆಯ ಸದ್ದು ಕೇಳುತ್ತಿತ್ತು, ಆದರೆ ತಟ್ಟೆ ಬಡಿದರೆ ಬರಲು ನಾವೇನು ಕೋಳಿಗಳೇ? ಬಾವಿಗಳು ಹೂಳು ತುಂಬಿ ಕೂತವು. ಸರ್ವರ್ ಮನೆಯ ಬಾವಿ ಅರ್ಧ ತೋಡಿದ ಹಾಗೆಯೇ ಇತ್ತು. ಊಟೆಯ ನೀರಿನೊಡನೆ ಕೆಸರು ಎದ್ದು ಕೊಳವೆಗೆ ನುಗ್ಗಿತು, ಕೊಳವೆ ಕಟ್ಟಿತು. ಸರ್ವರ್ ಕಾದು ಕಾದು, ಒಂದು ಮಧ್ಯಾಹ್ನ 'ಇರು' ಅನ್ನುವುದನ್ನು ನಿಲ್ಲಿಸಿತು. ಮೊದಲು ಗುಡ್ಡದ ಅತಿಥಿಗಳ ಮಾತು ಹೋಯಿತು. ಅವರದೂ ದಿನದ ಲೆಕ್ಕದ ವಿಳಾಸವೇ. ಅವರು ಪೆಟ್ಟಿಗೆ ಕಟ್ಟಿಕೊಂಡು ಇಳಿದುಹೋದರು. ಆಮೇಲೆ ಮೇಲಿನ ಬೀದಿಯಲ್ಲಿ ಯಾರ ಯಾರ ವರ್ಷ ತುಂಬುತ್ತಿತ್ತೋ ಅವರದು. ಜಗಲಿಯ ಮೇಲೆ ಕಾಫಿ ಲೋಟ ಹಿಡಿದು 'ಇದ್ದೀವಿ, ಇದ್ದೀವಿ' ಅಂತ ತುಟಿ ಅಲ್ಲಾಡಿಸಿದರು. ಒಳಗಿನಿಂದ ಏನೂ ಬರಲಿಲ್ಲ.

ಜಯಸಿಂಹರಾಯರು ನಮ್ಮ ಕೇರಿಗೆ ಬಂದದ್ದು ನಡು ಹಗಲಿನಲ್ಲಿ. ಒಬ್ಬರೇ. ಬಿಳಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು. ಅದನ್ನು ನೋಡಿಯೇ ನಮಗೆ ತಿಳಿಯಿತು. ಚಪ್ಪರದ ಹತ್ತಿರ ಬಂದವರು ಥಟ್ಟನೆ ನಿಂತರು. ಒಳಗೆ ಹೊನ್ನಿ ಓದುತ್ತಿದ್ದಳು, ಜನ ನಡುನಡುವೆ ಬಾಯಿ ಹಾಕುತ್ತಿದ್ದರು. ಅವರಿಗೆ ಅದೆಲ್ಲ ಕೇಳಿಸಿತು. ಎಷ್ಟು ದಿನದ ಮೌನದ ಮೇಲೆ ಕೇಳಿಸಿತೋ, ಅವರ ಕಣ್ಣು ತುಂಬಿತು. ನಾನು ಅದನ್ನು ನೋಡಿದೆ. ಇಲ್ಲ ಅನ್ನುವುದಿಲ್ಲ.

"ವಸ್ತ್ರ ತೆಗೀರಿ ಬುದ್ಧಿ, ಇಲ್ಲಿ ಅದರ ಕೆಲಸಿಲ್ಲ," ಅಂದಳು ದ್ಯಾವಜ್ಜಿ. "ಮೊದ್ಲು ಒಂದು ವಿಳಾಸ ಆರ್ಸ್ಕಳಿ. ಇಲ್ದಿದ್ರೆ ನೀವಾಡೋದು ಮಲಗಿರೋ ಕೂಸುಗೂ ಕೇಳ್ತದೆ. ಮೂರು ಸಲ ಕೂಗ್ಬೇಕು."

ಅವರು ಸುತ್ತ ನೋಡಿದರು. ಜೀವಮಾನವೆಲ್ಲ ವಿಳಾಸ ಹಂಚಿದವರಿಗೆ ತಮಗೊಂದು ಹೊಳೆಯಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ, "ಮೇಲಿನ ಜಗಲಿ. ಯಾರದಾದರೂ ಇದೆಯಾ?" ಅಂದರು. ಮೂರು ಸಲ ಅಂದರು.

"ಯಾರ್ಗೂ ಬ್ಯಾಡ, ಮಡೀಕಳಿ," ಅಂದ ಜೋಗಿ, ಚಾಚಿದ ಕಾಲನ್ನು ಹಿಂದೆಗೆಯದೆ.

ರಾಯರಿಗೆ ಮಾತು ಸಿಕ್ಕಿದ್ದೇ ತಡ, ಹಳೆಯ ದನಿಯೂ ಸಿಕ್ಕಿತು. ನನ್ನ ಕಡೆ ತಿರುಗಿದರು. "ನೋಡು ತಾಯಕ್ಕ, ಆಗಿದ್ದು ಆಯಿತು. ಸರ್ವರ್ ತಣ್ಣಗಾಗಬೇಕು. ನಾಳೆಯೇ ಬಾವಿಗೆ ಇಳೀಬೇಕು. ಎಂಟು ದಿನ ವಾಪಸ್ ಕೊಡ್ತೀನಿ. ನಿಮ್ಮ ಸತ್ತವರ ಹತ್ರ ಮಾತಾಡೋದಕ್ಕೂ 'ಬೇಡ' ಅನ್ನಲ್ಲ."

"ನಮ್ಮವ್ವನ ತಾವ ನಿನ್ನೆ ಸಂಜೇನೂ ಮಾತಾಡ್ದೆ," ಅಂದೆ.

"ತಿಂಗಳು ಮಾಡ್ತೀನಿ."

ಜೋಗಿ ಕಾಲಿನ ಕಟ್ಟನ್ನು ಬಿಗಿ ಮಾಡಿಕೊಂಡ.

"ಆಯ್ತು, ವರ್ಷ! ಮೇಲಿನ ಬೀದಿಯವರಿಗೆ ಎಷ್ಟೋ ನಿಮಗೂ ಅಷ್ಟೇ. ಇನ್ನೇನು ಬೇಕು?" ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ನಿನಗೂ ನಿನ್ನ ತಮ್ಮನಿಗೂ ಕಾಯಂ ವಿಳಾಸ ಬರೆಸ್ತೀನಿ. ಮುಗಿಯೋದೇ ಇಲ್ಲ. ನಿನ್ನ ಮಾತು ಇವರೆಲ್ಲ ಕೇಳ್ತಾರೆ. ಕರ್ಕೊಂಡು ಬಾ. ಬಾವಿಗೆ ಇಳಿಯೋ ಮುಂಚೆ ಎಲ್ಲರೂ ಕಿಟಕಿ ಮುಂದೆ ನಿಂತು ಒಂದೇ ಒಂದು ಸಲ ಇದ್ದೀನಿ ಅಂದ್ಬಿಡಿ, ಸಾಕು."

ನನಗೆ ಸಿಟ್ಟು ಬಂದದ್ದು ಗಂಟೆಯ ಮೇಲಲ್ಲ, ಆ 'ಸಾಕು' ಅನ್ನುವುದರ ಮೇಲೆ. ತಮ್ಮನ ಕಾಲು ನೋಡಿದೆ. ಅದಕ್ಕೆ ಕಟ್ಟಿದ ಬಿದಿರಿನ ದಬ್ಬೆ ನೋಡಿದೆ. "ರಾಯರೇ," ಅಂದೆ. ಬುದ್ಧಿ ಅನ್ನಲಿಲ್ಲ. "ಗಂಟೆ ಅಂದೋರೂ ನೀವೇ, ವರ್ಷ ಅನ್ನೋರೂ ನೀವೇ. ನಾಳೀಕೆ ಗುಡ್ಡದ್ಮೇಲೆ ಇನ್ನಷ್ಟು ಜನ ಬಂದ್ರೆ ನಿಮಿಷ ಅನ್ನೋರೂ ನೀವೇಯ. ನನ್ ತಮ್ಮ ಎದೆ ಮಟ್ಟ ನೀರಲ್ಲಿ ನಿಂತು ಕೂಗ್ತಿದ್ದಾಗ ನೀವು ಜಗಲಿ ಮೇಲೆ ನಿಂತು ನಂಗೇನಂದ್ರಿ?"

"ನಾನು... ನಿಯಮ ಹೇಳಿದೆ."

"ಸಾಲಲ್ಲಿ ನಿಂತ್ಕೋ ಅಂದ್ರಿ. ನಿಂತಿದ್ರೆ ನಂಗೆ ವಿಳಾಸ ಇರ್ತಿತ್ತು, ತಮ್ಮ ಇರ್ತಿರಲಿಲ್ಲ. ನಾವ್ ಇದ್ದೀವಿ ಅಂತ ನಿಮ್ ಕಿಟಕೀನ ಕೇಳೋದು ಮುಗೀತು. ನಿಮ್ಗೆ ಬೇಕಾದ್ರೆ ನೀವೂ ಇಲ್ಲೇ ಇರಿ. ಆಗ್ಲೇ ಕೂಗಿ ತಗಂಡಿದ್ದೀರಲ್ಲ, ಅದನ್ನ ಯಾರೂ ಕಿತ್ಕಳಾಕಿಲ್ಲ."

ಅವರ ಮುಖ ಕೆಂಪಾಯಿತು. ಬಾಯಿಂದ ತೆಗೆದ ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಂಡಿದರು. ಚಪ್ಪರದ ಗೂಟಕ್ಕೆ ಸುತ್ತಿಟ್ಟಿದ್ದ ನಮ್ಮ ಹಗ್ಗವನ್ನು ತಾವೇ ಬಿಚ್ಚಿ ತಂದು ನನ್ನ ಕಾಲ ಬಳಿ ಎಸೆದರು. "ಇಷ್ಟು ಮಾತು ಬೇಡ. ಇಳಿದು ಕೆಲಸ ಮುಗಿಸು ಅಂತ ಹೇಳ್ತಾ ಇದೀನಿ. ಇದು ಇಲಾಖೆಯ ಅಪ್ಪಣೆ."

ಹೊನ್ನಿ ಪುಸ್ತಕದ ನಡುವೆ ಬೆರಳಿಟ್ಟು ಕಾಯುತ್ತಿದ್ದಳು. ದ್ಯಾವಜ್ಜಿ ಕೋಲಿನ ಮೇಲೆ ಗದ್ದ ಊರಿದ್ದಳು. ನಾನು ಹಗ್ಗವನ್ನು ಎತ್ತಿ, ಸುರುಳಿ ಸುತ್ತಿ, ಹೋಗಿ ಅದೇ ಗೂಟಕ್ಕೆ ಹಾಕಿ ಬಂದು ಕೂತೆ.

"ಇಳಿಯಾಕಿಲ್ಲ," ಅಂದೆ. "ಕೇಳುಸ್ತಾ? ಈಗ ಕೇಳ್ಸೇ ಕೇಳ್ಸಿರ್ತದೆ. ಇಳಿಯಾಕಿಲ್ಲ."